ಎಐ ಬಳಕೆಯ ಪರಿಸರ ಲೆಕ್ಕದಲ್ಲಿ ನಾವು ಎಸೆದ ಚಿತ್ರಗಳನ್ನೂ ಸೇರಿಸಬೇಕೇ?

ರಂಗಸಜ್ಜು (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ನಾನು ಒಂದು ಸಣ್ಣ ನಾಟಕ ತಂಡದಲ್ಲಿ ರಂಗಸಜ್ಜಿಕೆ ಮತ್ತು ಬೆಳಕಿನ ಕೆಲಸ ನೋಡಿಕೊಳ್ಳುತ್ತೇನೆ. ನಮ್ಮ ತಂಡ ಪರಿಸರ ನೀತಿಯೊಂದನ್ನು ಬರೆದಿಟ್ಟುಕೊಳ್ಳಲು ಹೊರಟಿದೆ. ಬೆಳಕು, ಪ್ರಯಾಣ, ರಂಗಪರಿಕರ, ಮುದ್ರಣ ಎಂಬ ನಾಲ್ಕು ಶೀರ್ಷಿಕೆಗಳ ಕೆಳಗೆ ಬರೆಯಬೇಕಾದದ್ದು ಸುಲಭವಾಗಿ ಸಿಕ್ಕಿತು. ಐದನೆಯದಾಗಿ ಎಐ ಎಂದು ಬರೆದು, ಅದರ ಕೆಳಗೆ ಒಂದು ಸಾಲನ್ನೂ ಸೇರಿಸಲಾಗದೆ ಎರಡು ವಾರದಿಂದ ಕುಳಿತಿದ್ದೇನೆ.

ಕಳೆದ ನಾಟಕದ ಒಂದು ದೃಶ್ಯಕ್ಕೆ ಹಿನ್ನೆಲೆಯಾಗಿ ಮುಸ್ಸಂಜೆಯ ಕಡಲು ಬೇಕಿತ್ತು. ಐದು ಸೆಕೆಂಡಿನ ಒಂದು ವಿಡಿಯೊ ಸಿಕ್ಕರೆ ಅದನ್ನೇ ಮತ್ತೆ ಮತ್ತೆ ಪರದೆಯ ಮೇಲೆ ಬಿಡಬಹುದು ಎಂಬುದು ನಮ್ಮ ಲೆಕ್ಕಾಚಾರ. ಎಐ ಉಪಕರಣದಲ್ಲಿ 64 ಸಲ ತಯಾರಿಸಿದೆವು. ಒಮ್ಮೆ ಅಲೆ ದಡದಿಂದ ಕಡಲಿನತ್ತ ಉರುಳಿತು, ಒಮ್ಮೆ ಒಬ್ಬನೇ ಸೂರ್ಯನ ಬಿಂಬ ನೀರಿನಲ್ಲಿ ಎರಡು ಕಡೆ ಬಿತ್ತು, ಒಮ್ಮೆ ನೊರೆ ಬಟ್ಟೆಯ ಅಂಚಿನಂತೆ ಮಡಚಿಕೊಂಡಿತು. ಕೊನೆಗೆ ಬಳಸಿದ್ದು ಒಂದನ್ನು ಮಾತ್ರ.

2025ರ ಮೇ ತಿಂಗಳಲ್ಲಿ ಎಂಐಟಿ ಟೆಕ್ನಾಲಜಿ ರಿವ್ಯೂ ಪತ್ರಿಕೆ ಪ್ರಕಟಿಸಿದ ಅಳತೆಯ ಪ್ರಕಾರ, ಮುಕ್ತವಾಗಿ ಲಭ್ಯವಿರುವ ಒಂದು ಎಐ ಮಾದರಿಯಲ್ಲಿ ಐದು ಸೆಕೆಂಡಿನ ವಿಡಿಯೊಗೆ ಸುಮಾರು 34 ಲಕ್ಷ ಜೌಲ್, ಅಂದರೆ ಒಂದು ಯೂನಿಟ್‌ಗಿಂತ ತುಸು ಕಡಿಮೆ ವಿದ್ಯುತ್ ಬೇಕಾಗುತ್ತದೆ. ನಾವು ಬಳಸಿದ ಉಪಕರಣ ಬೇರೆಯದು, ಅದರ ತಯಾರಕರಿಂದ ನಮಗೆ ಯಾವ ಅಂಕಿಯೂ ಸಿಗಲಿಲ್ಲ. ಆದರೂ ಅದೇ ಅಳತೆಯನ್ನು ಅಂದಾಜಾಗಿ ಹಿಡಿದರೆ 64 ಪ್ರಯತ್ನಗಳಿಗೆ ಸುಮಾರು 60 ಯೂನಿಟ್ ಆಗುತ್ತದೆ. ಹಿಂದಿನ ವರ್ಷ ನಾವು 1,000 ವ್ಯಾಟ್‌ನ 12 ಹ್ಯಾಲೊಜೆನ್ ದೀಪಗಳನ್ನು ತೆಗೆದು 200 ವ್ಯಾಟ್‌ನ ಎಲ್‌ಇಡಿ ದೀಪಗಳನ್ನು ಹಾಕಿದ್ದೆವು. ಎರಡು ಗಂಟೆಯ ಒಂದು ಪ್ರದರ್ಶನಕ್ಕೆ 19 ಯೂನಿಟ್ ಉಳಿಯಿತೆಂದು ಹೆಮ್ಮೆಪಟ್ಟಿದ್ದೆವು. ಮೂರು ಪ್ರದರ್ಶನಗಳ ಆ ಉಳಿತಾಯವನ್ನು ಒಂದು ದೃಶ್ಯದ ಕಡಲು ನುಂಗಿಹಾಕಿದೆ.

ನೀತಿಯಲ್ಲಿ ನಾನು ಬಳಸಿದ ಒಂದು ವಿಡಿಯೊವನ್ನು ಮಾತ್ರ ತೋರಿಸಬೇಕೇ, ಎಸೆದ 63ನ್ನೂ ಸೇರಿಸಬೇಕೇ? ಇಂಥ ಲೆಕ್ಕವನ್ನು ಈಗಾಗಲೇ ಇಟ್ಟವರು ಯಾರಾದರೂ ಇದ್ದೀರಾ?

ಬರಿಯ ಓದುಗ

ಸೇರಿಸಲೇಬೇಕು. ಬಡಗಿ ಮರದ ಲೆಕ್ಕ ಕೊಡುವಾಗ ಮೇಜನ್ನು ಮಾತ್ರ ತೂಗುವುದಿಲ್ಲ, ಬಿದ್ದ ಹೊಟ್ಟು ಮತ್ತು ತುಂಡುಗಳೂ ಅದೇ ಮರದವು.

ಮಂದದೀಪ

ನಿಮ್ಮ ಬೆಳಕಿನ ಲೆಕ್ಕದಲ್ಲಿ ಒಂದು ತಿದ್ದುಪಡಿ ಬೇಕು. ಹನ್ನೆರಡು ದೀಪಗಳೂ ಎರಡು ಗಂಟೆ ಪೂರ್ಣ ಪ್ರಮಾಣದಲ್ಲಿ ಉರಿಯುವ ನಾಟಕವನ್ನು ನಾನಂತೂ ಕಂಡಿಲ್ಲ. ಕೆಲವು ಆರಿರುತ್ತವೆ, ಕೆಲವು ಮಂದವಾಗಿರುತ್ತವೆ. ಸರಾಸರಿ ಅರ್ಧ ಎಂದು ಹಿಡಿಯಿರಿ. ಆಗ ಹಳೆಯ ದೀಪಗಳಿಗೆ 12 ಯೂನಿಟ್, ಹೊಸವಕ್ಕೆ 2.4 ಯೂನಿಟ್ ಆಗಿ, ಉಳಿತಾಯ 10 ಯೂನಿಟ್‌ನ ಒಳಗೇ ನಿಲ್ಲುತ್ತದೆ. ಅಲ್ಲಿಗೆ ನಿಮ್ಮ ಕಡಲು ನುಂಗಿದ್ದು ಮೂರಲ್ಲ, ಆರು ಪ್ರದರ್ಶನಗಳ ಉಳಿತಾಯವನ್ನು.

ರಂಗಸಜ್ಜು

ಒಪ್ಪಿದೆ. ಡಿಮ್ಮರ್ ಹಿಡಿದು ಕೂರುವವನೇ ನಾನು, ಇದು ನನಗೆ ಹೊಳೆಯಬೇಕಿತ್ತು.

ವ್ಯಾಟ್‌ಲೆಕ್ಕ

ನಾನು ಡೇಟಾ ಸೆಂಟರ್‌ಗಳ, ಅಂದರೆ ಇಂಥ ಲೆಕ್ಕಾಚಾರ ನಡೆಸುವ ಕಂಪ್ಯೂಟರ್‌ಗಳು ಸಾಲುಸಾಲಾಗಿರುವ ಕಟ್ಟಡಗಳ, ವಿದ್ಯುತ್ ವ್ಯವಸ್ಥೆಯಲ್ಲಿ ಕೆಲಸ ಮಾಡಿದವನು. ವಿಡಿಯೊ, ಚಿತ್ರ, ಪಠ್ಯ ಈ ಮೂರನ್ನೂ ಒಂದೇ ಬುಟ್ಟಿಗೆ ಹಾಕಬೇಡಿ ಎಂದು ಮೊದಲಿಗೆ ಕೇಳಿಕೊಳ್ಳುತ್ತೇನೆ. ಲುಚಿಯೋನಿ, ಜೆರ್ನೈಟ್ ಮತ್ತು ಸ್ಟ್ರೂಬೆಲ್ ಎಂಬ ಸಂಶೋಧಕರು ಸೇರಿ ಹಲವು ಮಾದರಿಗಳನ್ನು ಅಳೆದು 2023ರಲ್ಲಿ ಹೊರತಂದ ಅಧ್ಯಯನದಲ್ಲಿ, ಸಾವಿರ ಸಲ ಪಠ್ಯ ತಯಾರಿಸಲು ಸರಾಸರಿ 0.047 ಯೂನಿಟ್ ಬೇಕಾದರೆ ಸಾವಿರ ಚಿತ್ರಗಳಿಗೆ ಸರಾಸರಿ 2.9 ಯೂನಿಟ್ ಬೇಕಾಯಿತು. ಅಂದರೆ ಅರವತ್ತು ಪಟ್ಟು ವ್ಯತ್ಯಾಸ. ಟಿಪ್ಪಣಿ ಬರೆಸಿಕೊಳ್ಳುವವರನ್ನೂ ವಿಡಿಯೊ ತಯಾರಿಸುವವರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಇಬ್ಬರಿಗೂ ಅನ್ಯಾಯವಾಗುತ್ತದೆ.

ಅದೇ ಅಧ್ಯಯನದ ಹೆಸರಿನಲ್ಲಿ "ಒಂದು ಚಿತ್ರ ಎಂದರೆ ಒಂದು ಫೋನ್ ಪೂರ್ತಿ ಚಾರ್ಜ್" ಎಂಬ ಮಾತು ಎಲ್ಲೆಡೆ ಹರಡಿದೆ. ಅದು ಅತಿ ಹೆಚ್ಚು ವಿದ್ಯುತ್ ಬಳಸಿದ ಮಾದರಿಯ ಲೆಕ್ಕ, ಸರಾಸರಿಯಲ್ಲ. ಸಾಲದ್ದಕ್ಕೆ, ಸಾವಿರ ಚಿತ್ರಗಳಿಗೆ 950 ಚಾರ್ಜ್ ಎಂದು ಮೊದಲು ಬರೆದಿದ್ದನ್ನು ಲೇಖಕರೇ ಆಮೇಲೆ 522ಕ್ಕೆ ತಿದ್ದಿದರು. ಚಿತ್ರಗಳಿಗೆ ಖರ್ಚಾದ ವಿದ್ಯುತ್ ಬದಲಾಗಲಿಲ್ಲ, ಒಂದು ಫೋನ್ ಚಾರ್ಜ್‌ಗೆ ಎಷ್ಟು ಬೇಕು ಎಂಬ ಅಂದಾಜು ಬದಲಾಯಿತು. ಆ ತಿದ್ದುಪಡಿಯನ್ನು ಹಂಚಿಕೊಂಡವರು ಬಹಳ ಕಡಿಮೆ.

ಚಲಚೌಕಟ್ಟು

ಎಲ್ಲರೂ ಎಐ ಮೇಲೆಯೇ ಬೀಳುತ್ತಿರುವುದರಿಂದ ಕ್ಯಾಮೆರಾ ಹಿಡಿಯುವವನಾಗಿ ಒಂದು ಮಾತು ಹೇಳಬೇಕಾಗಿದೆ. ಅದೇ ಕಡಲನ್ನು ಚಿತ್ರೀಕರಿಸಲು ನಾನು ಕಾರಿನಲ್ಲಿ ಹೋಗಿಬಂದಿದ್ದರೆ ಏನಾಗುತ್ತಿತ್ತು ಎಂಬುದನ್ನೂ ನೋಡಿ. ಜಗತ್ತಿನ ಸರಾಸರಿಯಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಅರ್ಧ ಕಿಲೋಗಿಂತ ತುಸು ಕಡಿಮೆ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. 60 ಯೂನಿಟ್‌ಗೆ ಸುಮಾರು 28 ಕಿಲೋ ಎಂದಿಟ್ಟುಕೊಳ್ಳೋಣ. ಒಂದು ಲೀಟರ್ ಪೆಟ್ರೋಲ್ ಉರಿದರೆ 2.3 ಕಿಲೋ ಹೊರಬೀಳುತ್ತದೆ. ಹನ್ನೆರಡು ಲೀಟರ್ ಪೆಟ್ರೋಲಿಗೆ ಲೆಕ್ಕ ಸಮವಾಯಿತು. ಕಡಲು ನೂರು ಕಿಲೋಮೀಟರ್ ದೂರವಿದ್ದರೆ ಹೋಗಿಬರುವುದಕ್ಕೇ ಅಷ್ಟು ಖರ್ಚಾಗುತ್ತದೆ. ಚಿತ್ರೀಕರಣವೆಂದರೆ ಪರಿಸರಕ್ಕೆ ಹಿತ, ಎಐ ಎಂದರೆ ಕೇಡು ಎಂದು ಕಣ್ಣುಮುಚ್ಚಿ ಹೇಳಲು ಬರುವುದಿಲ್ಲ.

ಮಂದದೀಪ

ನಿಮ್ಮ ಲೆಕ್ಕ ಸರಿಯಾಗಿದೆ. ಆದರೆ ನೀವು ಒಮ್ಮೆ ಹಿಡಿದು ತಂದ ಕಡಲು ಹತ್ತು ವರ್ಷ, ಹತ್ತು ತಂಡಗಳಿಗೆ ಬಳಕೆಗೆ ಬರುತ್ತದೆ. ಅಂಥ ದೃಶ್ಯಗಳು ಸಂಗ್ರಹಗಳಲ್ಲಿ ಈಗಾಗಲೇ ರಾಶಿ ಬಿದ್ದಿವೆ. ಅವುಗಳಲ್ಲಿ ಹುಡುಕುವ ಮೊದಲೇ ಹೊಸದನ್ನು ತಯಾರಿಸಲು ಕುಳಿತದ್ದು ನನ್ನ ಮಟ್ಟಿಗೆ ಮೂಲ ತಪ್ಪು.

ಗೆರೆಬಳ್ಳಿ

ನಾನು ಪುಸ್ತಕಗಳಿಗೆ ಮುಖಪುಟ ಮತ್ತು ಒಳಚಿತ್ರ ಬರೆಯುತ್ತೇನೆ. ಇದೇ ಪ್ರಶ್ನೆ ಕಾಡಿದ್ದರಿಂದ ವಿದ್ಯುತ್ ಅಳೆಯುವ ಮೀಟರ್ ಒಂದನ್ನು ತಂದು ನನ್ನ ಕಂಪ್ಯೂಟರಿನ ಪ್ಲಗ್ಗಿಗೆ ಸಿಕ್ಕಿಸಿದ್ದೆ. ಚಿತ್ರ ತಯಾರಿಸುವ ಮಾದರಿಯನ್ನು ನನ್ನ ಯಂತ್ರದಲ್ಲೇ ಓಡಿಸುತ್ತೇನೆ, ಹಾಗಾಗಿ ಅಂದಾಜಿನ ಅಗತ್ಯ ಬೀಳಲಿಲ್ಲ. ಸುಮ್ಮನಿದ್ದಾಗ 90 ವ್ಯಾಟ್ ತೋರಿಸುತ್ತಿದ್ದ ಮೀಟರ್ ಚಿತ್ರ ತಯಾರಾಗುವಾಗ 520ಕ್ಕೆ ಜಿಗಿಯುತ್ತಿತ್ತು, ಫ್ಯಾನುಗಳು ಒಮ್ಮೆಲೇ ಜೋರಾಗಿ ತಿರುಗತೊಡಗುತ್ತಿದ್ದವು, ಏಳು ಸೆಕೆಂಡಿನ ನಂತರ ಇಳಿಯುತ್ತಿತ್ತು. ಒಂದು ಚಿತ್ರಕ್ಕೆ ಸುಮಾರು ಒಂದು ವ್ಯಾಟ್-ಗಂಟೆ, ಅಂದರೆ ಒಂದು ಯೂನಿಟ್‌ನ ಸಾವಿರದಲ್ಲೊಂದು ಪಾಲು.

ಕುದುರೆ ಸವಾರನ ಮುಖಪುಟವೊಂದಕ್ಕೆ 386 ಚಿತ್ರಗಳನ್ನು ತಯಾರಿಸಿದೆ. ಲಗಾಮು ಪ್ರತಿ ಸಲವೂ ಬೆರಳುಗಳ ಒಳಗೆ ಹಾದು ಅಂಗೈಯಲ್ಲೇ ಕರಗಿಹೋಗುತ್ತಿತ್ತು. ಒಟ್ಟು 0.39 ಯೂನಿಟ್ ಆಯಿತು. ಆಮೇಲೆ ಆ ಕೈಯನ್ನು ನಾನೇ ತಿದ್ದಿ ಬರೆಯಲು ಒಂಬತ್ತು ಗಂಟೆ ಕುಳಿತೆ, ಅದಕ್ಕೆ ಇನ್ನೊಂದು ಯೂನಿಟ್. ಇಂಥದ್ದೇ ಮುಖಪುಟವನ್ನು ಮೊದಲಿನಿಂದ ಕೊನೆಯವರೆಗೆ ನಾನೇ ಬರೆದಿದ್ದರೆ 22 ಗಂಟೆ ಹಿಡಿಯುತ್ತಿತ್ತು. ಕಂಪ್ಯೂಟರ್ ಮತ್ತು ಬರೆಯುವ ಪರದೆ ಸೇರಿ 2.4 ಯೂನಿಟ್. ಒಂದು ಮುಖಪುಟದ ಮಟ್ಟಿಗೆ ಎಐ ಬಳಸಿದ್ದೇ ಕಡಿಮೆ ವಿದ್ಯುತ್ತನ್ನು. ಇದನ್ನು ಮುಚ್ಚಿಟ್ಟು ವಾದ ಮಾಡುವುದು ನನಗೆ ಒಪ್ಪಿಗೆಯಲ್ಲ.

ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. ಮೊದಲು ಮೂರು ಕರಡುಗಳನ್ನು ನೋಡಿ ಒಂದನ್ನು ಆರಿಸುತ್ತಿದ್ದ ಪ್ರಕಾಶಕರು ಈಗ ನಲವತ್ತು ಕೇಳುತ್ತಾರೆ. ಹೆಚ್ಚು ಹೊತ್ತು ಬೇಡವಲ್ಲ ಎನ್ನುತ್ತಾರೆ. ಪುಸ್ತಕದ ಜೊತೆಗೆ ಜಾಹೀರಾತಿಗೆ ಹದಿನೈದು, ಅಧ್ಯಾಯಕ್ಕೊಂದರಂತೆ ಇನ್ನಿಪ್ಪತ್ತು, ಅವುಗಳಲ್ಲಿ ನಾಲ್ಕಕ್ಕೆ ಚಲನೆ. ಹಿಂದೆ ಇದ್ದಿರದ ಕೆಲಸಗಳು ಇವು. ಕಲ್ಲಿದ್ದಲನ್ನು ಮಿತವಾಗಿ ಬಳಸುವ ಯಂತ್ರ ಬಂದಾಗ ಕಲ್ಲಿದ್ದಲಿನ ಒಟ್ಟು ಬಳಕೆ ಏರುತ್ತದೆ ಎಂದು ಅರ್ಥಶಾಸ್ತ್ರಜ್ಞ ಜೆವನ್ಸ್ 1865ರಲ್ಲಿ ಬರೆದದ್ದು ನನ್ನ ಮೇಜಿನ ಮೇಲೆಯೇ ನಡೆಯುತ್ತಿದೆ.

ಎಣಿಕೆಗಾರ

ಗೆರೆಬಳ್ಳಿ ಅವರ ಮೀಟರ್ ಹೇಳಿದ್ದನ್ನೇ ಸಂಶೋಧನೆಯೂ ಹೇಳುತ್ತದೆ. 2024ರಲ್ಲಿ ಸೈಂಟಿಫಿಕ್ ರಿಪೋರ್ಟ್ಸ್ ಪತ್ರಿಕೆಯಲ್ಲಿ ಬಂದ ಪ್ರಬಂಧದ ಪ್ರಕಾರ, ಒಂದು ಚಿತ್ರಕ್ಕೆ ಎಐ ಹೊರಸೂಸುವ ಇಂಗಾಲ ಮನುಷ್ಯ ಕಲಾವಿದರದಕ್ಕಿಂತ 310ರಿಂದ 2,900 ಪಟ್ಟು ಕಡಿಮೆ. ಹಾಗಿರುವಾಗ ಇಷ್ಟೆಲ್ಲ ಆತಂಕ ಏಕೆ?

ಗೆರೆಬಳ್ಳಿ

ನನ್ನ ಮೀಟರ್ ಹಾಗೆ ಹೇಳಲಿಲ್ಲ. ತಿದ್ದುವ ಕೆಲಸ ಬಿಟ್ಟರೆ ಆರು ಪಟ್ಟು, ಸೇರಿಸಿದರೆ ಎರಡು ಪಟ್ಟೂ ಇಲ್ಲ. ಆ ಪ್ರಬಂಧ ಸಾವಿರಗಟ್ಟಲೆ ಪಟ್ಟು ತಲುಪಿದ್ದು ಹೇಗೆಂದು ದಯವಿಟ್ಟು ಓದಿ ನೋಡಿ. ಒಂದು ದೇಶದ ಸರಾಸರಿ ಮನುಷ್ಯ ವರ್ಷವಿಡೀ ಹೊರಸೂಸುವ ಇಂಗಾಲವನ್ನು ಗಂಟೆಗಳಿಗೆ ಹಂಚಿ, ಚಿತ್ರ ಬರೆದ ಮೂರು ಚಿಲ್ಲರೆ ಗಂಟೆಯ ಪಾಲನ್ನು ಚಿತ್ರದ ತಲೆಗೆ ಕಟ್ಟಿದ್ದಾರೆ. ನಾನು ಉಸಿರಾಡುವುದು, ಉಣ್ಣುವುದು, ಮನೆಯಲ್ಲಿ ದೀಪ ಹಚ್ಚುವುದು ಎಲ್ಲವೂ ಚಿತ್ರದ ಖರ್ಚಾಯಿತು. ಎಐ ಚಿತ್ರ ಬರೆದ ಆ ಮೂರು ಗಂಟೆಗಳಲ್ಲಿ ನಾನು ಇಲ್ಲವಾಗುತ್ತೇನೆಯೇ? ನಾನೂ ಬದುಕಿರುತ್ತೇನೆ, ಯಂತ್ರವೂ ಓಡುತ್ತಿರುತ್ತದೆ. ಎರಡನ್ನೂ ಕೂಡಬೇಕಾದಲ್ಲಿ ಒಂದರಿಂದ ಇನ್ನೊಂದನ್ನು ಭಾಗಿಸಿದ್ದಾರೆ. ಕಲಾವಿದರ ಬದುಕನ್ನೇ ಮಾಲಿನ್ಯವೆಂದು ಎಣಿಸುವ ಈ ಪದ್ಧತಿ ನನ್ನನ್ನು ನಿಜವಾಗಿಯೂ ನೋಯಿಸಿತು.

ಎಣಿಕೆಗಾರ

ನಿಮ್ಮ ಆಕ್ಷೇಪವನ್ನು ಒಪ್ಪುತ್ತೇನೆ. ಮೊತ್ತವನ್ನು ನೋಡಿದೆನೇ ಹೊರತು ಅದರ ಹಿಂದಿನ ಊಹೆಯನ್ನು ನೋಡಿರಲಿಲ್ಲ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಕಲೆಗಾಗಿ ನಡೆಯುವ ಬಳಕೆ ಒಟ್ಟಾರೆ ಲೆಕ್ಕದಲ್ಲಿ ಗಣನೆಗೆ ಬರುವಷ್ಟಿದೆಯೇ?

ವ್ಯಾಟ್‌ಲೆಕ್ಕ

ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ 2025ರ ವರದಿಯ ಪ್ರಕಾರ, ಎಲ್ಲ ಡೇಟಾ ಸೆಂಟರ್‌ಗಳೂ ಸೇರಿ 2024ರಲ್ಲಿ ಸುಮಾರು 415 ಟೆರಾವ್ಯಾಟ್-ಗಂಟೆ (ಒಂದು ಟೆರಾವ್ಯಾಟ್-ಗಂಟೆ ಎಂದರೆ ನೂರು ಕೋಟಿ ಯೂನಿಟ್) ಬಳಸಿವೆ, ಅದು ಜಗತ್ತಿನ ವಿದ್ಯುತ್ತಿನ ಶೇ 1.5ರಷ್ಟು. 2030ಕ್ಕೆ ಇದು 945ರ ಹತ್ತಿರ ಹೋಗಬಹುದೆಂಬುದು ಅವರ ಅಂದಾಜು. ಬ್ಯಾಂಕು, ಇಮೇಲ್, ಸಿನಿಮಾ ಪ್ರಸಾರ ಎಲ್ಲವೂ ಇದರೊಳಗೇ ಇವೆ. ಚಿತ್ರ ತಯಾರಿಕೆ ಅದರ ಸಣ್ಣ ಪಾಲು.

ಸಣ್ಣ ಪಾಲು ಎಷ್ಟು ಬೇಗ ಹಿಗ್ಗುತ್ತದೆ ಎಂಬುದಕ್ಕೆ ಒಂದು ನಿದರ್ಶನ ಕೊಡುತ್ತೇನೆ. 2025ರ ಮಾರ್ಚ್‌ನಲ್ಲಿ ಚಾಟ್‌ಜಿಪಿಟಿಯ ಕಂಪನಿ ಓಪನ್‌ಎಐ ತನ್ನ ಹೊಸ ಚಿತ್ರ ಸೌಲಭ್ಯವನ್ನು ತೆರೆದಾಗ ಒಂದು ವಾರದ ಆಸುಪಾಸಿನಲ್ಲಿ 13 ಕೋಟಿ ಬಳಕೆದಾರರು 70 ಕೋಟಿ ಚಿತ್ರಗಳನ್ನು ಮಾಡಿದರೆಂದು ಕಂಪನಿಯೇ ಹೇಳಿತು. ಆ ಮಾದರಿಯ ಬಳಕೆ ಬೇರೆಯೇ ಇರಬಹುದು, ಆದರೆ ಚಿತ್ರಕ್ಕೆ 2.9 ವ್ಯಾಟ್-ಗಂಟೆ ಎಂಬ ಹಳೆಯ ಸರಾಸರಿಯನ್ನೇ ಹಿಡಿದು ಗುಣಿಸಿದರೆ 20 ಲಕ್ಷ ಯೂನಿಟ್ ಆಗುತ್ತದೆ. ಆ ವಾರಕ್ಕೆ ಮೊದಲು ಆ ಚಿತ್ರಗಳು ಬೇಕೆಂದು ಯಾರೂ ಕೇಳಿರಲಿಲ್ಲ.

ತಂಪುಗೋಪುರ

ವಿದ್ಯುತ್ತಿನ ಮಾತೇ ನಡೆಯುತ್ತಿದೆ, ನೀರಿನ ಮಾತು ಬರಲಿಲ್ಲ. ಡೇಟಾ ಸೆಂಟರ್‌ಗಳ ಕೂಲಿಂಗ್ ಟವರ್‌ಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ದೇನೆ. ಬಿಸಿಯಾದ ನೀರನ್ನು ಮೇಲಿನಿಂದ ಸಿಂಪಡಿಸಿ, ಗಾಳಿ ಹಾಯಿಸಿ, ಒಂದಷ್ಟನ್ನು ಆವಿಯಾಗಿಸಿ ಉಳಿದುದನ್ನು ತಂಪು ಮಾಡುತ್ತೇವೆ. ಆವಿಯಾಗಿ ಹೋದ ನೀರು ಆ ಊರಿನ ಕೊಳಾಯಿಗೆ ಮರಳುವುದಿಲ್ಲ. ಉಳಿದ ನೀರಿನಲ್ಲಿ ಲವಣ ದಟ್ಟವಾಗುತ್ತ ಹೋಗುತ್ತದೆ, ಕೊಳವೆಗಳ ಒಳಗೆ ಬಿಳಿಯ ಗಸಿ ಕಟ್ಟುತ್ತದೆ, ಅದಕ್ಕಾಗಿ ಆಗಾಗ ಒಂದಷ್ಟು ನೀರನ್ನು ಹೊರಗೆ ಬಿಟ್ಟು ಹೊಸ ನೀರು ತುಂಬುತ್ತೇವೆ. ನೀರು ಬೇಡವೆಂದು ಬರಿಯ ಗಾಳಿಯಿಂದ ತಂಪು ಮಾಡಿದರೆ ವಿದ್ಯುತ್ ಹೆಚ್ಚು ಬೇಕಾಗುತ್ತದೆ.

ಕಂಪನಿಗಳು ಕೊಡುವ ಅಂಕಿಗಳನ್ನು ಹೋಲಿಸುವಾಗ ಎಚ್ಚರವಿರಲಿ. ತನ್ನ ಎಐ ಸಹಾಯಕ ಜೆಮಿನಿಗೆ ಬರುವ ಸಾಧಾರಣ ಪಠ್ಯ ಪ್ರಶ್ನೆಯೊಂದಕ್ಕೆ 0.26 ಮಿಲಿಲೀಟರ್ ನೀರು ಸಾಕೆಂದು 2025ರ ಆಗಸ್ಟ್‌ನಲ್ಲಿ ಗೂಗಲ್ ಹೇಳಿತು. ಅದಕ್ಕೆ ಒಂದು ತಿಂಗಳ ಹಿಂದೆ ಮಿಸ್ಟ್ರಾಲ್ ಎಂಬ ಎಐ ಕಂಪನಿ ತನ್ನ ದೊಡ್ಡ ಮಾದರಿಯ ಒಂದು ಪುಟದಷ್ಟು ಉತ್ತರಕ್ಕೆ 45 ಮಿಲಿಲೀಟರ್ ಎಂದಿತ್ತು. ಒಂದು ಕಂಪನಿ ಇನ್ನೊಂದಕ್ಕಿಂತ ನೂರಕ್ಕೂ ಹೆಚ್ಚು ಪಟ್ಟು ದಾಹದ್ದು ಎಂದು ಇದರಿಂದ ತೀರ್ಮಾನಿಸುವಂತಿಲ್ಲ. ವಿದ್ಯುತ್ ಉತ್ಪಾದನೆಗೆ ಬೇಕಾದ ನೀರನ್ನು ಗೂಗಲ್ ತನ್ನ ಲೆಕ್ಕದಿಂದ ಹೊರಗಿಟ್ಟಿದೆ, ಮಿಸ್ಟ್ರಾಲ್ ಯಂತ್ರಗಳ ತಯಾರಿಕೆಯೂ ಸೇರಿದ ಪೂರ್ಣ ಜೀವನಚಕ್ರದ ಲೆಕ್ಕ ಹಾಕಿದೆ. ಗೆರೆ ಎಲ್ಲಿ ಎಳೆದರು ಎಂಬುದನ್ನು ನೋಡದೆ ಅಂಕಿಯನ್ನು ನಂಬಬೇಡಿ.

ಬರಿಯ ಓದುಗ

ಮತ್ತು ಒಂದು ಲೀಟರ್ ನೀರಿನ ಬೆಲೆ ಎಲ್ಲ ಕಡೆ ಒಂದೇ ಅಲ್ಲ. ಮಳೆ ಹೆಚ್ಚಿರುವಲ್ಲಿ ಆವಿಯಾದ ಲೀಟರೂ ಬರಗಾಲದಲ್ಲಿ ಆವಿಯಾದ ಲೀಟರೂ ಲೆಕ್ಕದ ಹಾಳೆಯಲ್ಲಿ ಮಾತ್ರ ಸಮ.

ಹಳೆಕಡತ

ವಸ್ತುಸಂಗ್ರಹಾಲಯದ ದಾಖಲೆ ವಿಭಾಗದವರ ಪರವಾಗಿ ಎರಡು ಮಾತು. ಸಂಸ್ಕೃತಿಯಲ್ಲಿ ಎಐ ಎಂದರೆ ಚಿತ್ರ ತಯಾರಿಕೆ ಮಾತ್ರ ಎಂಬಂತೆ ಚರ್ಚೆ ಸಾಗಿದೆ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ, ರೆಂಬ್ರಾಂಟ್‌ನ ದೊಡ್ಡ ಚಿತ್ರವೊಂದರಿಂದ 1715ರಲ್ಲಿ ಕತ್ತರಿಸಿಹೋದ ಅಂಚುಗಳನ್ನು ಹಳೆಯ ಸಣ್ಣ ಪ್ರತಿಯೊಂದರ ನೆರವಿನಿಂದ ಎಐ ಮೂಲಕ ಮರುರಚಿಸಿ 2021ರಲ್ಲಿ ಪ್ರದರ್ಶಿಸಿತು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಸ್ಫೋಟದಲ್ಲಿ ಇದ್ದಿಲಾದ, ಹರ್ಕ್ಯುಲೇನಿಯಂ ಎಂಬ ರೋಮನ್ ಪಟ್ಟಣದ ಬರಹದ ಸುರುಳಿಯೊಂದನ್ನು ಬಿಚ್ಚದೆಯೇ, ಎಕ್ಸ್‌ರೇ ಚಿತ್ರಗಳಲ್ಲಿ ಮಸಿಯ ಗುರುತು ಹುಡುಕುವ ಮಾದರಿಯಿಂದ 2,000ಕ್ಕೂ ಹೆಚ್ಚು ಅಕ್ಷರಗಳನ್ನು ಓದಲಾಯಿತೆಂದು 2024ರ ಫೆಬ್ರವರಿಯಲ್ಲಿ ಪ್ರಕಟವಾಯಿತು. ಎರಡರಲ್ಲೂ ಕೇಳಿದ್ದು ಒಂದು ಖಚಿತ ಪ್ರಶ್ನೆಯನ್ನು, ಉತ್ತರ ಸಿಕ್ಕ ಮೇಲೆ ಯಂತ್ರ ನಿಂತಿತು. ಇದನ್ನೂ ಕುತೂಹಲಕ್ಕೆ ತಯಾರಿಸಿದ ಸಾವಿರಾರು ಚಿತ್ರಗಳನ್ನೂ ಒಂದೇ ಹೆಸರಿನಿಂದ ಕರೆಯುವುದೇ ಗೊಂದಲದ ಮೂಲ.

ಇನ್ನೊಂದು ವಿಷಯ ನನ್ನನ್ನು ಕಾಡುತ್ತದೆ. ಕಲಾಕೃತಿಗಳಿರುವ ಕೋಣೆಯ ಆರ್ದ್ರತೆಯನ್ನು ಶೇ 50ರಿಂದ ಐದು ಅಂಶವೂ ಕದಲದಂತೆ ಕಾಯುವುದು ಹಿಂದೆ ನಮ್ಮಲ್ಲಿ ವ್ರತದಂತಿತ್ತು. ಹವಾನಿಯಂತ್ರಣಕ್ಕೆ ಬೇಕಾಗುವ ಅಪಾರ ವಿದ್ಯುತ್ತನ್ನು ಕಂಡು ದೊಡ್ಡ ವಸ್ತುಸಂಗ್ರಹಾಲಯಗಳ ಬಿಜೋ ಗುಂಪು, ಹೆಚ್ಚಿನ ವಸ್ತುಗಳಿಗೆ ಶೇ 40ರಿಂದ 60ರ ಆರ್ದ್ರತೆ ಮತ್ತು 16ರಿಂದ 25 ಡಿಗ್ರಿ ತಾಪಮಾನ ಸಾಕೆಂದು ಒಪ್ಪಿಕೊಂಡಿತು. ಆ ಒಪ್ಪಂದಕ್ಕೆ ಬರಲು ಸಂರಕ್ಷಕರ ನಡುವೆ ವರ್ಷಗಟ್ಟಲೆ ವಾದ ನಡೆದಿದೆ. ಅಷ್ಟು ಕಷ್ಟಪಟ್ಟು ಉಳಿಸಿದ್ದನ್ನು ಯಾರೂ ಒಂದು ಪ್ರಶ್ನೆ ಕೇಳದೆ ಎಐ ಎಂಬ ಇನ್ನೊಂದು ಬಾಗಿಲಿನಿಂದ ಹೊರಗೆ ಹೋಗಲು ಬಿಡುತ್ತಿದ್ದೇವೆ.

ಸ್ವರಸಂಚಾರ

ಸಂಗೀತ ಕಛೇರಿಗಳ ತಿರುಗಾಟದಲ್ಲಿರುವವನಾಗಿ ಹೇಳುತ್ತೇನೆ, ಪ್ರೇಕ್ಷಕರ ಮತ್ತು ಕಲಾವಿದರ ಪ್ರಯಾಣದ ಮುಂದೆ ಎಐ ಸಾಮಾನ್ಯವಾಗಿ ಸಣ್ಣದೇ. ನೀತಿಯಲ್ಲಿ ಪ್ರಯಾಣ ಮೊದಲಿರಲಿ.

ಹಾಗೆಂದು ಕಲಾವಿದರು ಕೇಳಿದರೆ ಏನೂ ಆಗದು ಎಂಬ ನಿರಾಶೆಯೂ ಬೇಡ. ಡಿಜಿಟಲ್ ಚಿತ್ರಗಳಿಗೆ ಒಡೆತನದ ಗುರುತುಪತ್ರ ಮಾಡಿ ಮಾರುತ್ತಿದ್ದ ಎನ್‌ಎಫ್‌ಟಿ ಭರಾಟೆಯ ಕಾಲ ನೆನಪಿದೆಯೇ? 2021ರ ಮಾರ್ಚ್‌ನಲ್ಲಿ ಕಲಾವಿದರು ಕೃತಿಗಳನ್ನು ತೋರಿಸುವ ಜಾಲತಾಣ ಆರ್ಟ್‌ಸ್ಟೇಷನ್ ತಾನೂ ಎನ್‌ಎಫ್‌ಟಿ ಮಾರಾಟಕ್ಕೆ ಇಳಿಯುವುದಾಗಿ ಹೇಳಿ, ವಿದ್ಯುತ್ ಬಳಕೆಯನ್ನು ಮುಂದಿಟ್ಟು ಕಲಾವಿದರು ಪ್ರತಿಭಟಿಸಿದ್ದರಿಂದ ಕೆಲವೇ ಗಂಟೆಗಳಲ್ಲಿ ಹಿಂದೆ ಸರಿಯಿತು. 2022ರ ಸೆಪ್ಟೆಂಬರ್‌ನಲ್ಲಿ, ಹಲವು ಎನ್‌ಎಫ್‌ಟಿಗಳು ದಾಖಲಾಗುತ್ತಿದ್ದ ಇಥೀರಿಯಂ ಜಾಲ ವ್ಯವಹಾರಗಳನ್ನು ಖಚಿತಪಡಿಸುವ ತನ್ನ ಪದ್ಧತಿಯನ್ನೇ ಬದಲಿಸಿದಾಗ ವಿದ್ಯುತ್ ಬಳಕೆ ಶೇ 99ಕ್ಕಿಂತ ಹೆಚ್ಚು ಇಳಿಯಿತು. ಅದು ಕಲಾವಿದರಿಂದಲೇ ಆಯಿತೆಂದು ಹೇಳುತ್ತಿಲ್ಲ, ಆ ಬದಲಾವಣೆಯ ಯೋಜನೆ ಮೊದಲಿನಿಂದಲೂ ಇತ್ತು.

ವ್ಯಾಟ್‌ಲೆಕ್ಕ

ಆ ಹೋಲಿಕೆ ಪೂರ್ತಿ ಹೊಂದುವುದಿಲ್ಲ. ಅಲ್ಲಿ ವ್ಯರ್ಥ ಲೆಕ್ಕಾಚಾರವೇ ಪದ್ಧತಿಯ ಬುನಾದಿಯಾಗಿತ್ತು, ಅದನ್ನು ತೆಗೆದುಹಾಕಬಹುದಿತ್ತು. ಇಲ್ಲಿ ಲೆಕ್ಕಾಚಾರವೇ ಕೆಲಸ. ಆದರೆ ಕೇಳುವ ಹಕ್ಕಿನ ಬಗ್ಗೆ ಹೇಳಿದ್ದು ಸರಿ. ಸಾಮಾನ್ಯ ಉದ್ದೇಶದ ಮಾದರಿಗಳನ್ನು ತಯಾರಿಸುವವರು ಅವುಗಳ ವಿದ್ಯುತ್ ಬಳಕೆಯನ್ನು ದಾಖಲಿಸಿಡಬೇಕೆಂದು ಐರೋಪ್ಯ ಒಕ್ಕೂಟದ ಎಐ ಕಾಯಿದೆ 2025ರ ಆಗಸ್ಟ್‌ನಿಂದ ವಿಧಿಸಿದೆ. ಆ ದಾಖಲೆ ನಿಯಂತ್ರಕರ ಕೈಗೆ ಹೋಗುತ್ತದೆಯೇ ಹೊರತು ನಮ್ಮ ನಿಮ್ಮ ಪರದೆಗೆ ಬರುವುದಿಲ್ಲ. ಚಿತ್ರದ ಕೆಳಗೇ ಅದರ ವ್ಯಾಟ್-ಗಂಟೆ ಕಾಣಿಸಲಿ ಎಂದು ಗ್ರಾಹಕರಾಗಿ ನಾವೆಲ್ಲರೂ ಬರೆದು ಕೇಳಬೇಕು.

ರಂಗಸಜ್ಜು ಅವರಿಗೆ ಒಂದು ಉಪಯುಕ್ತ ಮಾತು: ವಿಡಿಯೊದ ಅವಧಿ ಎರಡು ಪಟ್ಟಾದರೆ ವಿದ್ಯುತ್ ಎರಡು ಪಟ್ಟಾಗಿ ನಿಲ್ಲುವುದಿಲ್ಲ. ಅಳೆದವರು ಕಂಡಂತೆ ಮೂರು ಸೆಕೆಂಡಿನದಕ್ಕಿಂತ ಆರು ಸೆಕೆಂಡಿನದು ನಾಲ್ಕು ಪಟ್ಟು ತೆಗೆದುಕೊಳ್ಳಬಹುದು. ಪ್ರಯೋಗಗಳನ್ನೆಲ್ಲ ಚಿಕ್ಕ ಅಳತೆಯಲ್ಲಿ, ಕಡಿಮೆ ಅವಧಿಯಲ್ಲಿ ಮಾಡಿ. ಒಪ್ಪಿಗೆಯಾದದ್ದನ್ನು ಮಾತ್ರ ದೊಡ್ಡದಾಗಿ ತಯಾರಿಸಿ.

ರಂಗಸಜ್ಜು

ಎಲ್ಲರಿಗೂ ಕೃತಜ್ಞತೆಗಳು. ಐದನೆಯ ಶೀರ್ಷಿಕೆಯ ಕರಡು ಇಂದು ಸಿದ್ಧವಾಯಿತು, ಹೀಗಿದೆ:

"ಹೊಸ ದೃಶ್ಯವನ್ನು ಎಐ ಮೂಲಕ ತಯಾರಿಸುವ ಮುನ್ನ ಲಭ್ಯವಿರುವ ಸಂಗ್ರಹಗಳಲ್ಲಿ ಹುಡುಕತಕ್ಕದ್ದು. ತಯಾರಿಸುವುದಾದರೆ ಬೇಕಾದ ದೃಶ್ಯವನ್ನು ಮೊದಲು ಕಾಗದದ ಮೇಲೆ ಗೀಚಿ ನಿರ್ದೇಶಕರ ಒಪ್ಪಿಗೆ ಪಡೆಯತಕ್ಕದ್ದು. ಪ್ರಯೋಗಗಳು ಚಿಕ್ಕ ಅಳತೆಯಲ್ಲಿರತಕ್ಕದ್ದು. ಬಳಸಿದ್ದು, ಎಸೆದದ್ದು ಎರಡನ್ನೂ ಸೇರಿಸಿ ಪ್ರತಿ ನಾಟಕದ ಒಟ್ಟು ಪ್ರಯತ್ನಗಳ ಸಂಖ್ಯೆಯನ್ನು ವಾರ್ಷಿಕ ವರದಿಯಲ್ಲಿ ನಮೂದಿಸತಕ್ಕದ್ದು."

ಯೂನಿಟ್ ಬದಲು ಪ್ರಯತ್ನಗಳ ಸಂಖ್ಯೆಯನ್ನು ಬರೆದದ್ದಕ್ಕೆ ಕಾರಣವಿದೆ. ಯೂನಿಟ್ ಅಂದಾಜು ಮಾತ್ರ, ಅದನ್ನು ಯಾರಾದರೂ ಪ್ರಶ್ನಿಸಬಹುದು. ಸಂಖ್ಯೆ ನಮ್ಮ ಕಡತದಲ್ಲೇ ಇದೆ.

ಹಳೆಕಡತ

ಚೆನ್ನಾಗಿದೆ. ಎಸೆದ ಕಡತಗಳನ್ನು ಎಷ್ಟು ದಿನ ಇಟ್ಟುಕೊಳ್ಳಬೇಕು ಎಂಬುದನ್ನೂ ಸೇರಿಸಿ. ಆ 63 ಕಡಲುಗಳು ಈಗಲೂ ಯಾವುದೋ ಸರ್ವರ್‌ನಲ್ಲಿ ಕುಳಿತಿರಬೇಕಲ್ಲವೇ?

ರಂಗಸಜ್ಜು

ಕುಳಿತಿದ್ದವು. ನಿಮ್ಮ ಮಾತು ಓದಿದ ಮೇಲೆ ಅಳಿಸಲೆಂದು ಅವುಗಳನ್ನು ಸಮಯದ ಕ್ರಮದಲ್ಲಿ ಜೋಡಿಸಿ ನೋಡಿದೆ. ನಾಟಕದಲ್ಲಿ ಬಳಸಿದ ಕಡಲು ಹನ್ನೊಂದನೆಯದು. ಅದು ತಯಾರಾದ ಮೇಲೂ ನಾವು 53 ಸಲ ಗುಂಡಿ ಒತ್ತಿದ್ದೇವೆ.

ಮಂದದೀಪ

ಹನ್ನೊಂದರಲ್ಲೇ ನಿಲ್ಲಿಸಲು ಆಗದಂತೆ ಆದದ್ದೇನು?

ರಂಗಸಜ್ಜು

ಆ ಸಂಜೆ ನಿರ್ದೇಶಕರು ಜೊತೆಯಲ್ಲಿರಲಿಲ್ಲ, ಸಾಕು ಎನ್ನುವ ಅಧಿಕಾರ ಕೋಣೆಯಲ್ಲಿದ್ದ ಯಾರಿಗೂ ಇರಲಿಲ್ಲ. ಮರುದಿನ ಅವರು ಎಲ್ಲವನ್ನೂ ನೋಡಿ ಹನ್ನೊಂದನೆಯದನ್ನು ಆರಿಸಿದರು. ಕರಡಿನಲ್ಲಿ "ನಿರ್ದೇಶಕರ ಒಪ್ಪಿಗೆ ಪಡೆಯತಕ್ಕದ್ದು" ಎಂಬುದರ ಮುಂದೆ "ತಯಾರಿಕೆಯ ವೇಳೆ ನಿರ್ದೇಶಕರು ಉಪಸ್ಥಿತರಿರತಕ್ಕದ್ದು" ಎಂದು ಈಗಷ್ಟೇ ಸೇರಿಸಿದೆ.